ಮೂರನೇ ಪುಟದ ಕಿಂಡಿ

ಅಪ್ಪ ಹೇಗೆ ಸತ್ತ ಎಂಬುದನ್ನು ಅವ್ವ ನನಗೆ ಸರಿಯಾಗಿ ಎಂದೂ ಹೇಳಲಿಲ್ಲ. ನಾಶಿಕ್ ರಸ್ತೆಯಲ್ಲಿ ಬಸ್ಸು ಪಲ್ಟಿಯಾಯಿತು, ನಿನಗಾಗ ಎರಡು ವರ್ಷ, ಇಷ್ಟೇ. ಕೆದಕಿದರೆ, "ಆಗಿದ್ದು ಆಗಿ ಹೋತು, ಬಿಡು" ಎಂದು ಎದ್ದು ಹೋಗುತ್ತಿದ್ದಳು. ಬಿಡುವ ಜಾಯಮಾನ ನನ್ನದಲ್ಲ.

ಈಗ ನಾನಿರುವುದು ನಾಶಿಕ್‌ನಲ್ಲಿ, ಅವ್ವ ಸಂಭಾಜಿನಗರದಲ್ಲಿ. ಅವಳನ್ನು ನೋಡಲು ಹೋಗಬೇಕೆಂದರೆ ಅದೇ ರಸ್ತೆ. ಈ ತಿರುವೇ ಇರಬಹುದೇ ಎಂದು ಪ್ರತಿ ಸಲ ನೋಡುತ್ತ ಕೂತು ಸಾಕಾಗಿ ಹೋಗಿತ್ತು. ಫೋನಿನಲ್ಲಿ ಹುಡುಕಿದೆ. ಸಂಭಾಜಿನಗರದ ಹಳೇ ಹೆಸರು ಹಾಕಿದೆ, ಹೊಸ ಹೆಸರು ಹಾಕಿದೆ. ಬಂದದ್ದೆಲ್ಲ ಬೇರೆಯವರ ಸಾವು. ಸಿನ್ನರ್ ಹತ್ತಿರದ ಟ್ರಕ್ಕು, ಮೊನ್ನೆಯ ಕಾರು, ಯಾರ ಯಾರದೋ ಅಪ್ಪಂದಿರು. ಓದಿ ಓದಿ ಅನ್ನ ಸೇರದಂತಾಯಿತು.

ಕಡೆಗೆ ಸಂಭಾಜಿನಗರದ ಹಳೇ ಲೈಬ್ರರಿಗೆ ಹೋದೆ. ಅಲ್ಲಿ ಮರಾಠಿ ಪೇಪರುಗಳನ್ನು ತಿಂಗಳಿಗೊಂದರಂತೆ ಬೈಂಡ್ ಮಾಡಿಟ್ಟಿದ್ದಾರೆ. ಅಪ್ಪ ಹೋದ ಮರುದಿನದ ಪೇಪರ್ ತೆರೆದೆ. ಮೂರನೇ ಪುಟದ ನಡುವೆ ಅಂಗೈಯಗಲದ ಕಿಂಡಿ. ಯಾರೋ ಬ್ಲೇಡಿನಿಂದ ಕೊಯ್ದಿದ್ದರು, ಅದರೊಳಗಿಂದ ಐದನೇ ಪುಟದ ಸೀರೆ ಜಾಹೀರಾತು ಕಾಣುತ್ತಿತ್ತು. "ಕೊಯ್ದವರ ಕೈ ಸೇದಿ ಹೋಗ್ಲಿ" ಎಂದು ಕನ್ನಡದಲ್ಲೇ ಬೈದೆ.

ರಟ್ಟಿನ ಒಳಬದಿಗೆ, ಓದಲು ತೆಗೆಸಿದವರು ಸಹಿ ಮಾಡುವ ಚೀಟಿ ಅಂಟಿಸಿತ್ತು. ನಾಲ್ಕೇ ಸಹಿ. ಮೂರು ಮರಾಠಿಯಲ್ಲಿ, ಒಂದು ಕನ್ನಡದಲ್ಲಿ. ಅವ್ವನದು. ನಾಲಗೆ ಕಚ್ಚಿಕೊಂಡೆ.

ಲೈಬ್ರರಿಯನ್‌ಗೆ ನನ್ನ ಮುಖ ನೋಡಿ ಪಾಪ ಅನಿಸಿರಬೇಕು. ಪತ್ರಿಕೆಯವರು ಹಳೇ ಪುಟಗಳ ಫೋಟೋ ತೆಗೆದು ನೆಟ್‌ಗೆ ಹಾಕಿದ್ದಾರೆ, ಹೆಸರಿನಿಂದ ಹುಡುಕಿದರೆ ಸಿಗದು, ತಾರೀಖು ಹಾಕಿ ಪುಟ ತಿರುವಬೇಕು ಎಂದರು.

ಮನೆಗೆ ಹೋಗಿ ಕೇಳಿದೆ. ಅವ್ವ ಮೆಂತೆಸೊಪ್ಪು ಬಿಡಿಸುತ್ತಿದ್ದಳು.

"ಹ್ಞೂಂ, ನಾನೇ ಕೊಯ್ದೀನಿ. ನೀ ಐದನೇ ಕ್ಲಾಸಿನ್ಯಾಗ ಇದ್ದಿ. ಸಾಲ್ಯಾಗ ಹುಡುಗ್ರಿಗಿ ಲೈಬ್ರರಿಗಿ ಒಯ್ತೀವಿ, ಹಳೇ ಪೇಪರ್ ತೋರಸ್ತೀವಿ ಅಂದ್ರು. ಅದಕ್ಕ ಅವ್ರಿಗಿಂತ ಮೊದ್ಲ ನಾ ಹೋದೆ."

"ಏನಿತ್ತವ್ವ ಅದರಾಗ?"

"ಫೋಟೋ. ನಿಮ್ಮಪ್ಪನ ಮಾರಿ ಸೈತ ಮುಚ್ಚಿರ್ಲಿಲ್ಲ, ಪೇಪರಿನ ಮೂಳಗೋಳು. ನೀ ನೋಡಬಾರ್ದಂತ ಕೊಯ್ದು ಒಲ್ಯಾಗ ಹಾಕ್ದೆ. ಇದ್ದದ್ದು ಅದೊಂದೇ. ಈಗ ಎಲ್ಲೂ ಇಲ್ಲ."

ನೆಟ್ಟಿನ ವಿಷಯ ನಾನು ಬಾಯಿ ಬಿಡಲಿಲ್ಲ.

ನಾಶಿಕ್‌ಗೆ ಮರಳಿ ಎರಡು ದಿನ ತಡೆದುಕೊಂಡೆ. ಮೂರನೇ ದಿನ ಮಧ್ಯಾಹ್ನ ತಾರೀಖು ಹಾಕಿ ಪುಟ ತೆರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಫೋಟೋಗೆ ಬೆರಳು ಅಡ್ಡ ಇಟ್ಟು ಸುದ್ದಿಯಷ್ಟನ್ನೇ ಓದಿದೆ. ನಾಲ್ಕು ಸಾಲು, ಅವ್ವ ಹೇಳಿದ್ದೇ, ಹೆಚ್ಚಿನದೇನೂ ಇಲ್ಲ. ಆಮೇಲೆ ಬೆರಳು ತೆಗೆದೆ.

ಅಯ್ಯೋ, ಎಂಥ ಕೆಟ್ಟ ಬುದ್ಧಿ ನನ್ನದು! ಅಪ್ಪನೆಂದರೆ ನನಗಿದ್ದದ್ದು ಮದುವೆ ಫೋಟೋದ ಒಂದು ಮುಖ, ಜರಿ ರುಮಾಲು, ನಗು ತಡೆದ ತುಟಿ. ಈಗ ಅದನ್ನು ನೆನೆಯಲು ಹೋದರೆ ಇನ್ನೊಂದೇ ಬರುತ್ತದೆ. ಅನ್ನ ಬಸಿಯುವಾಗ, ತಲೆ ಬಾಚುವಾಗ, ಕರೆಯದೆಯೂ ಬರುತ್ತದೆ. ಯಾರಿಗೆ ಹೇಳಲಿ?

ಮೊನ್ನೆ ಹೋದಾಗ ಅವ್ವ ಮದುವೆ ಫೋಟೋ ಗೋಡೆಯಿಂದ ಇಳಿಸಿ ಒರೆಸುತ್ತಿದ್ದಳು. ಸೆರಗಿನಿಂದ ಗಾಜು ಉಜ್ಜಿ ನನ್ನ ಕೈಗೆ ಕೊಟ್ಟಳು.

"ನೋಡು ಯವ್ವಾ, ನಿಮ್ಮಪ್ಪ ಖರೇನೇ ಹಿಂಗೇ ಇದ್ರು."

ನಾನು ಕಣ್ಣು ಮುಚ್ಚಿಕೊಂಡು "ಹ್ಞೂಂ" ಎಂದೆ.