ಮೂವತ್ತೇಳನೇ ಮರಿಗೆ

ಅಮ್ಮನ ತಾಳಿಸರದ ಗುಂಡು ಮೋರಿಗೆ ಬಿದ್ದದ್ದು ಒಂದು ಮಂಗಳವಾರ, ಬೆಳಿಗ್ಗೆ ಏಳೂಕಾಲಿಗೆ. ನಾನಾಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ, ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಿಲಲ್ಲಿ ಅಮ್ಮ ಬೆಡ್‌ಷೀಟು ಒಗೆಯುತ್ತಿದ್ದಾಗ ಸರ ಹರಿಯಿತು. ತಾಳಿ ಎರಡೂ ಸಿಕ್ಕವು. ಕರಿಮಣಿ ನೂರಹನ್ನೆರಡು ಸಿಕ್ಕವು. ಮೆಣಸಿನಕಾಳಿನ ಗಾತ್ರದ ಎರಡು ಚಿನ್ನದ ಗುಂಡುಗಳಲ್ಲಿ ಒಂದು ಮಾತ್ರ ಸಿಕ್ಕಿತು. ಇನ್ನೊಂದು ಸೋಪಿನ ನೀರಿನ ಜೊತೆ ಹಿಂದಿನ ಗಲ್ಲಿಯ ಮೋರಿ ಸೇರಿತ್ತು.

"ಹೊಸದು ಮಾಡಿಸಿದ್ರಾಯ್ತು ಬಿಡು" ಎಂದರು ಅಪ್ಪ.

"ನಮ್ಮಮ್ಮನ ಬಳೆ ಕರಗಿಸಿ ಮಾಡಿದ್ದು ರೀ ಅದು. ಅಂಗಡಿಯವನು ನಮ್ಮಮ್ಮನ ಕೈ ತರ್ತಾನಾ?"

ಅಮ್ಮ ಅರಿಸಿನದ ದಾರಕ್ಕೆ ಅರಿಸಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡರು. ಗುಂಡು ಸಿಗುವವರೆಗೆ ಸರ ಪೋಣಿಸುವುದಿಲ್ಲ, ಯಾರ ಮನೆಯ ಅರಿಸಿನ ಕುಂಕುಮಕ್ಕೂ ಹೋಗುವುದಿಲ್ಲ ಎಂದರು. ಅವತ್ತಿನಿಂದ ನನ್ನ ಡೈರಿಯಲ್ಲಿ ದಿನಗಳ ಲೆಕ್ಕ ಗುಂಡು ಹೋದಲ್ಲಿಂದಲೇ ಶುರುವಾಯಿತು.

ಬೇರೆ ಯಾರಾದರೂ ಆಗಿದ್ದರೆ ಒಂದು ಕೋಲು ಹಿಡಿದು ಮೋರಿ ಕೆದಕುತ್ತಿದ್ದರು. ಅಪ್ಪ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಮೋರಿ ಸಾರ್ವಜನಿಕ ಸ್ವತ್ತು ಎಂದು ಅರ್ಜಿ ಬರೆದರು: "ಸದರಿ ಮೋರಿಯಲ್ಲಿ ಚಿನ್ನವಿರುವುದು ಖಚಿತವಾಗಿದ್ದು, ಅದನ್ನು ಹೊರತೆಗೆಯಲು ಅನುಮತಿ ಕೋರಿದೆ."

ನಾಲ್ಕನೇ ದಿನ ಒಬ್ಬ ಇನ್ಸ್‌ಪೆಕ್ಟರು ಫೈಲು ಹಿಡಿದು ಬಂದರು. ಅರ್ಜಿ ಮೋರಿ ನೋಡಿಕೊಳ್ಳುವವರ ಮೇಜಿನಿಂದ ಗಣಿ ನೋಡಿಕೊಳ್ಳುವವರ ಮೇಜಿಗೆ ಹೋಗಿತ್ತು.

"ಚಿನ್ನ ಅಂತ ಯಾಕ್ ಬರೆದ್ರಿ ಸರ್? ಮೋರಿ ಕಟ್ಕೊಂಡಿದೆ ಅಂತ ಬರೆದಿದ್ರೆ ಅವತ್ತೇ ಮುಗೀತಿತ್ತು."

"ಕಟ್ಕೊಂಡಿರ್ಲಿಲ್ವಲ್ಲ" ಎಂದರು ಅಪ್ಪ.

ಮೂರು ಪುಟದ ಫಾರಂ ತುಂಬಿಸಿದೆವು. ಸ್ಫೋಟಕ ಬಳಸುವಿರಾ ಎಂಬಲ್ಲಿ ಅಪ್ಪ "ಇಲ್ಲ, ತೆಂಗಿನ ಚಿಪ್ಪು ಮಾತ್ರ" ಎಂದು ಬರೆದರು. ಯಂತ್ರದ ಅಶ್ವಶಕ್ತಿ ಎಂಬ ಅಂಕಣ ಖಾಲಿ ಬಿಡುವಂತಿರಲಿಲ್ಲ. ಇನ್ಸ್‌ಪೆಕ್ಟರೇ ಯೋಚಿಸಿ "ಒಬ್ಬರು ಅಜ್ಜಿ" ಎಂದು ತುಂಬಿಸಿದರು.

ಅಜ್ಜಿಯನ್ನು ಅಪ್ಪ ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯಿಂದ ಗೊತ್ತುಮಾಡಿದ್ದರು. ಅಕ್ಕಸಾಲಿಗರ ಅಂಗಡಿಗಳ ಮುಂದಿನ ದೂಳು ಗುಡಿಸಿ, ತೊಳೆದು, ಚಿನ್ನದ ಪುಡಿ ತೆಗೆಯುವುದೇ ಅವರ ಕಸುಬು. ಸಾಮಾನು ನಾಲ್ಕೇ: ಒಂದು ಬ್ರಷ್ಷು, ಜರಡಿ, ತೆಂಗಿನ ಚಿಪ್ಪು, ಮತ್ತು ಮರಿಗೆ ಎಂಬ ಅಗಲವಾದ ಮರದ ತಟ್ಟೆ. ಮರಿಗೆಯಲ್ಲಿ ಮಣ್ಣು ನೀರು ಹಾಕಿ ತಿರುಗಿಸಿದರೆ ಹಗುರ ಮಣ್ಣು ಹೊರಗೆ ಹೋಗುತ್ತದೆ, ಭಾರದ್ದು ತಳದಲ್ಲಿ ಉಳಿಯುತ್ತದೆ.

ಅನುಮತಿ ಬಂದದ್ದು ಹನ್ನೊಂದನೇ ದಿನ. ಅಲ್ಲಿಯವರೆಗೆ ಮೋರಿಯನ್ನು ಯಾರೂ ಮುಟ್ಟುವಂತಿರಲಿಲ್ಲ, ಗುಡಿಸುವವರೂ ಕೂಡ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ, "ಏನ್ ಸಾರ್, ನಿಮ್ ಗಣಿಯಿಂದ ನಮಗೆ ಸಿಕ್ಕಿದ್ದು ಬರೀ ಸೊಳ್ಳೆ" ಎಂದರು.

ಷರತ್ತು ಐದು. ಗಲ್ಲಿಯ ಎರಡೂ ತುದಿಗೆ ಕೆಂಪು ಬಾವುಟ ಕಟ್ಟಬೇಕು. ಇನ್ಸ್‌ಪೆಕ್ಟರ್ ಎದುರಿಗಿರಬೇಕು. ತೊಳೆದ ಮಣ್ಣನ್ನು ಮೋರಿಗೇ ವಾಪಸು ಹಾಕಬೇಕು. ಪ್ರತಿ ಮರಿಗೆಗೂ ದಾಖಲೆ ಇಡಬೇಕು. ಸಿಕ್ಕಿದ ಚಿನ್ನ ಯಾರದೇ ಆಗಲಿ, ಸೀಲು ಹಾಕಿ ಕಚೇರಿಗೆ ಒಪ್ಪಿಸಬೇಕು. ಯಾರದೆಂದು ಆಮೇಲೆ ತೀರ್ಮಾನವಾಗುತ್ತದೆ.

"ಆಮೇಲೆ ಅಂದ್ರೆ ಎಷ್ಟು ದಿನ?" ಎಂದು ಅಮ್ಮ ಇನ್ಸ್‌ಪೆಕ್ಟರನ್ನು ಕೇಳಿದರು.

"ಹೋದ ಸಲದ್ದು ಒಂದಿದೆಯಮ್ಮ. ಆ ಯಜಮಾನರೇ ಹೋಗ್ಬಿಟ್ರು, ಫೈಲ್ ಇನ್ನೂ ಇದೆ."

ಅಮ್ಮ ಕೊಂಬನ್ನು ಮುಟ್ಟಿಕೊಂಡು ಒಳಗೆ ಹೋದರು.

ದಾಖಲೆಯ ಕೆಲಸ ನನ್ನದಾಯಿತು. ಹೇಗೂ ಬರೆಯುತ್ತಿದ್ದೆನಲ್ಲ. ಬಕೆಟ್ ಬೋರಲು ಹಾಕಿ ಕೂತು ಗೆರೆ ಎಳೆದೆ. ಮೊದಲ ದಿನ ಹತ್ತೊಂಬತ್ತು ಮರಿಗೆ: ಹೇರ್‌ಪಿನ್ನು ನಾಲ್ಕು, ಅಂಗಿ ಗುಂಡಿ ಒಂಬತ್ತು, ಗೊಂಬೆಯ ಕಾಲು ಒಂದು, ಸ್ಟೀಲ್ ಚಮಚ ಒಂದು (ನಮ್ಮದೇ). ಚಿನ್ನದ ಅಂಕಣದಲ್ಲಿ ಹತ್ತೊಂಬತ್ತು ಸಲ "ಇಲ್ಲ".

ಸಂಜೆ ಮಣ್ಣನ್ನು ಮೋರಿಗೆ ಹಾಕುವಾಗ ಅಜ್ಜಿಗೆ ತಡೆಯಲಾಗಲಿಲ್ಲ. "ಸ್ವಾಮಿ, ತೊಳೆದಿದ್ದನ್ನೇ ನಾಳೆ ಮತ್ತೆ ತೊಳೀಬೇಕಾ? ನಂಗೇನ್ ತಲೆ ಕೆಟ್ಟಿದೆಯಾ?"

"ರೂಲ್ಸ್ ಹಂಗೇ ಇದೆ ಅಜ್ಜಿ."

"ರೂಲ್ಸ್ ಬರೆದೋನು ಒಂದು ಚೊಂಬಾದ್ರೂ ತೊಳೆದಿದ್ನಾ?" ಎಂದು ಬೈದುಕೊಂಡು, ಅಜ್ಜಿ ಮಣ್ಣನ್ನೆಲ್ಲ ನೀರು ಹರಿದುಹೋಗುವ ಕಡೆಗೆ ಸುರಿದರು.

ಮರುದಿನ ಮಧ್ಯಾಹ್ನ ಮೂವತ್ತೇಳನೇ ಮರಿಗೆ. ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಎಚ್ಚರವಾಗಿಯೇ ಇದ್ದರು. ನೀರು ತಿರುಗುತ್ತ ತಿರುಗುತ್ತ ತೆಳುವಾಯಿತು. ಕಪ್ಪು ಮರಳಿನ ನಡುವೆ ಹಳದಿಯದೊಂದು ಕಾಳು ಉರುಳಿದ್ದನ್ನು ನಾನು ನೋಡಿದೆ. ಅಜ್ಜಿ ಸೊಂಟದ ಚೀಲದಿಂದ ವೀಳ್ಯದೆಲೆ ತೆಗೆದರು, ಮರಿಗೆಯ ಮೇಲೆ ಬಗ್ಗಿ ಸುಣ್ಣ ಹಚ್ಚಿದರು, ಮಡಿಸಿ ದವಡೆಗೆ ಇಟ್ಟುಕೊಂಡರು. ಮರಿಗೆಯಲ್ಲಿ ಮರಳು ಮಾತ್ರ ಉಳಿದಿತ್ತು.

"ಬರಕೋ ಮಗಾ, ಮೂವತ್ತೇಳು" ಎಂದರು, ತುಂಬಿದ ಬಾಯಲ್ಲಿ.

ನನ್ನ ಪೆನ್ನು ನಿಂತಿತು. ಎಂಟನೇ ಕ್ಲಾಸಿನಿಂದ ಡೈರಿ ಬರೆಯುತ್ತಿದ್ದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದದ್ದನ್ನೂ ಅದರಲ್ಲಿ ಅಂಕಸಮೇತ ಬರೆದಿದ್ದೆ. ಹಿತ್ತಿಲ ಬಾಗಿಲಲ್ಲಿ ಅಮ್ಮ ನಿಂತಿದ್ದರು. "ಇಲ್ಲ" ಎಂದು ಬರೆದೆ.

ಅಜ್ಜಿ ಇನ್ನೂ ನಾಲ್ಕು ಮರಿಗೆ ತೊಳೆದು, ಕುಡಿಯಲು ನೀರು ಕೇಳುವ ನೆಪದಲ್ಲಿ ಒಳಗೆ ಹೋಗಿ ಗುಂಡನ್ನು ಅಮ್ಮನ ಅಂಗೈಗೆ ಉಗಿದರು. ತೊಳೆದಿಟ್ಟ ಲೋಟವನ್ನೂ ಮತ್ತೊಮ್ಮೆ ತೊಳೆದು ಬಳಸುವ ಅಮ್ಮ, ಎಲೆಯಡಿಕೆ ರಸ ಸೋರುತ್ತಿದ್ದ ಆ ಗುಂಡನ್ನು ಹಾಗೇ ಕಣ್ಣಿಗೊತ್ತಿಕೊಂಡರು. ಅಂಟುವಾಳದ ನೀರು ಆಮೇಲೆ ಬಂತು.

ಎರಡು ದಿನ ಬಿಟ್ಟು ಇನ್ಸ್‌ಪೆಕ್ಟರು ಅಂತಿಮ ವರದಿಗೆ ಬಂದರು. ಸಿಕ್ಕಿದ ಚಿನ್ನ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದರು. ಅಪ್ಪ ಕಿಟಕಿಯ ಕಡೆ ನೋಡುತ್ತ, "ನಮ್ಮ ಪುಟ್ಟಿ ಪುಸ್ತಕದಲ್ಲಿ ಏನಿದೆಯೋ ಅದೇ" ಎಂದರು. ಅಷ್ಟರಲ್ಲಿ ಅಮ್ಮ ಕಾಫಿ ತಂದರು. ಸರ ಪೋಣಿಸಿಯಾಗಿತ್ತು. ಎರಡು ತಾಳಿ, ಎರಡು ಗುಂಡು. ಇನ್ಸ್‌ಪೆಕ್ಟರು ಲೋಟ ತೆಗೆದುಕೊಳ್ಳುವಾಗ ಒಮ್ಮೆ ನೋಡಿದರು, ನಲವತ್ತೊಂದೂ ಸಾಲು ನಿಧಾನವಾಗಿ ಓದಿದರು, "ನಿಲ್" ಎಂದು ಬರೆದು ನನ್ನ ಪುಸ್ತಕವನ್ನೂ ಫೈಲಿಗೆ ಸೇರಿಸಿದರು.

ಗೇಟಿನ ಹತ್ತಿರ ಅಪ್ಪನ ಕಡೆ ತಿರುಗಿ, "ಸರ್, ಫೈಲ್ ಕ್ಲೋಸ್ ಆಗೋವರ್ಗೂ ಮನೆಯವ್ರನ್ನ ಮಾತ್ರ ನಮ್ಮಾಫೀಸ್ ಕಡೆ ಕರ್ಕೊಂಡ್ ಬರ್ಬೇಡಿ" ಎಂದರು.

ಪುಸ್ತಕ ವಾಪಸು ಬರಲಿಲ್ಲ. ಕಚ್ಚಾ ಪ್ರತಿ ನನ್ನ ಹತ್ತಿರವೇ ಇದೆ. ಅದರಲ್ಲೂ ಮೂವತ್ತೇಳರ ಮುಂದೆ "ಇಲ್ಲ" ಎಂದೇ ಇದೆ, ತಿದ್ದಿಲ್ಲ.