ಬಂಡೆಯ ಮೇಲಿನ ದರ್ಶನ

ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ನಮ್ಮ ಮೈಸೂರಿನ ಪಕ್ಷಿವೀಕ್ಷಕರ ಗುಂಪು ಉಸಿರು ಬಿಗಿಹಿಡಿದು ಕೂತಿತ್ತು. ರಾಮಕೃಷ್ಣನಗರದ ವಿಮಲಮ್ಮನವರು ವರ್ಷಗಳಿಂದ ಹುಡುಕುತ್ತಿದ್ದ ಪಿಪಿಟ್ ಎಂಬ ಪುಟ್ಟ ಹಕ್ಕಿ ಕಡೆಗೂ ಎದುರಿನ ಬಂಡೆಯ ಮೇಲಿತ್ತು. ಅವರು ಕ್ಯಾಮೆರಾ ಎತ್ತಿದರು. ಅಷ್ಟರಲ್ಲಿ ಆಕಾಶದಲ್ಲಿ ಬಿಳಿ ಎದೆಯ ಗರುಡ ತೇಲಿ ಬಂತು. ಗರುಡನನ್ನು ಕಂಡೂ ಸುಮ್ಮನಿರುವುದು ಅಗ್ರಹಾರದಲ್ಲಿ ಹುಟ್ಟಿ ಬೆಳೆದ ನನಗೆ ಆಗದ ಮಾತು. “ಕೃಷ್ಣಾ, ಕೃಷ್ಣಾ!” ಎಂದು ಎರಡೂ ಕೆನ್ನೆಗೆ ಪಟಪಟ ಬಡಿದುಕೊಂಡೆ. ಪಿಪಿಟ್ ಹಾರಿಹೋಯಿತು.

“ಏನ್ರೀ ಇದು! ದೇವರನ್ನ ಮನಸ್ಸಲ್ಲೇ ನೆನೆಸ್ಕೊಳ್ಳಕ್ಕೆ ಆಗಲ್ವೇನ್ರೀ?” ವಿಮಲಮ್ಮನವರ ಕಣ್ಣಲ್ಲಿ ನೀರೇ ಬಂತು.

ನನಗೂ ಸಂಕಟವಾಯಿತು. ಸ್ವಾಮಿ, ಆ ಹಕ್ಕೀನ ವಾಪಸ್ ಕಳಿಸಪ್ಪಾ ಎಂದು ಈ ಸಲ ಮನಸ್ಸಿನಲ್ಲೇ ಬೇಡಿಕೊಂಡೆ. ಸ್ವಲ್ಪ ಹೊತ್ತಿಗೆ ಅದು ನಿಜವಾಗಿಯೂ ಬಂದು ಅದೇ ಬಂಡೆಯ ಮೇಲೆ ಕೂತಿತು. ವಿಮಲಮ್ಮನವರು ಕ್ಯಾಮೆರಾ ಕೈಬಿಟ್ಟು, “ಅಯ್ಯೋ ನನ್ನಪ್ಪಾ, ಬಂದ್ಬುಟ್ಯಾ!” ಎಂದು ನನಗಿಂತ ಜೋರಾಗಿ ಕೂಗಿ ಕೈಮುಗಿದರು. ಹಕ್ಕಿ ಮತ್ತೆ ಹಾರಿತು.

“ದರ್ಶನ ಆಯ್ತಲ್ಲ ಬಿಡಿ. ಗರ್ಭಗುಡೀಲಿ ಹೇಗೂ ಫೋಟೋ ತೆಗೆಯೋ ಹಾಗಿಲ್ಲ,” ಎಂದು ಸಮಾಧಾನ ಹೇಳಿದೆ. ವ್ಯಾನಿನಲ್ಲಿ ಮೈಸೂರಿನವರೆಗೂ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಚೀಲ ಇಟ್ಟುಕೊಳ್ಳಲು ಭಗವಂತನೇ ಜಾಗ ಮಾಡಿಕೊಟ್ಟ.