ಮಾವನ ಲೆನ್ಸಿನ ಆರು ಮೂಲೆ

ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆಗೆ ನಿಮಗೆ ದರ್ಜಿಯ ಅಂಗಡಿ ನೆನಪಾಗಬಹುದು. ನನಗೆ ಈಗ ಸಿಟ್ಟು ಬರುತ್ತದೆ. ತೀರಿಕೊಂಡ ಸೋದರಮಾವನ ಸ್ಟುಡಿಯೋ ಖಾಲಿ ಮಾಡುತ್ತಿದ್ದ ಅವರ ಮಗ, ನೆನಪಿಗಿರಲಿ ಎಂದು ಅವರ ಹಳೆಯ ಲೆನ್ಸೊಂದನ್ನು ಹೋದ ವಾರ ಕೈಗಿಟ್ಟ. ಮುಚ್ಚಳ ತೆಗೆದರೆ ಅದೇ ವಾಸನೆ.

ತೊಂಬತ್ತರ ದಶಕದಲ್ಲಿ ಪಾಂಡವಪುರದಲ್ಲಿ ಮಾವನ ಸ್ಟುಡಿಯೋಗೆ ಹೆಸರಿತ್ತು. ಹೊಸ ಜೋಡಿಗಳನ್ನು ಕೆ.ಆರ್.ಎಸ್.ಗೆ ಕರೆದೊಯ್ದು ಸಂಜೆಯ ದೀಪಗಳ ಮುಂದೆ ನಿಲ್ಲಿಸುತ್ತಿದ್ದರು. ಫೋಟೋದಲ್ಲಿ ಹಿಂದಿನ ದೀಪಗಳೆಲ್ಲ ಆರು ಮೂಲೆಯ ಬಿಲ್ಲೆಗಳಾಗಿ ಬರುತ್ತಿದ್ದವು. ಲೆನ್ಸಿನೊಳಗೆ ಆರು ತೆಳು ತಗಡಿನ ಎಸಳುಗಳಿವೆ. ಅವು ಅರ್ಧ ಮುಚ್ಚಿಕೊಂಡರೆ ಕಿಂಡಿಗೆ ಆರು ಮೂಲೆ, ದೀಪಕ್ಕೂ ಅದೇ ಆಕಾರ. ಪೂರ್ತಿ ತೆರೆದಿದ್ದರೆ ಕಿಂಡಿ ದುಂಡಗೆ, ದೀಪವೂ ದುಂಡಗೆ; ಆಗ ಮುಂದಿನವರು ಸ್ಪಷ್ಟ, ಹಿಂದಿನವರು ಮಂಜು ಮಂಜು. ಮಾವ ಇದನ್ನು ಎಷ್ಟು ಸಲ ಹೇಳಿದ್ದರೆಂದರೆ, ನಾನೂ ಕಂಡಕಂಡವರಿಗೆ ಹೇಳಿ ತಲೆ ತಿಂದಿದ್ದೇನೆ. ನೀವು ಇಷ್ಟಕ್ಕೇ ಪಾರಾದಿರಿ.

ಒಮ್ಮೆ ಎಸಳುಗಳು ಬಿಗಿಯಾದವು. ಮೈಸೂರಿನ ರಿಪೇರಿಯವನಿಗೆ ಕೊಡುವ ಬದಲು ಮಾವ ತಾವೇ ಮೆಷಿನ್ ಎಣ್ಣೆ ಬಿಟ್ಟರು, ಬಾಗಿಲಿನ ಕೀಲಿಗೆ ಬಿಡುವ ಹಾಗೆ. ಸರಿಹೋಯಿತು ಎಂದು ಬೀಗಿದರು. ಎಣ್ಣೆ ಸೋಕಿದರೆ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ತೆರೆದೇ ಉಳಿಯುತ್ತವೆ ಎನ್ನುವುದು ನನಗಂತೂ ಆಗ ಗೊತ್ತಿರಲಿಲ್ಲ.

ಅದಾದ ಕೆಲವೇ ದಿನಕ್ಕೆ ಶ್ರೀರಂಗಪಟ್ಟಣದ ಛತ್ರದಲ್ಲಿ ಅಕ್ಕನ ಮದುವೆ. ಅಪ್ಪ ತೀರಿಕೊಂಡಿದ್ದರು. ಮನೆಮಂದಿಯ ಫೋಟೋಗೆ ಅಮ್ಮ ಆಸೆಯಿಂದ ಮಗಳ ಪಕ್ಕ ಬಂದು ನಿಂತಳು. ಮಾವ ಕ್ಯಾಮೆರಾದಿಂದ ತಲೆಯೆತ್ತಿ ಅಮ್ಮನಿಗೆ ಹೇಳಿದರು.

“ಅಕ್ಕ, ನೀನು ಇಂದ್ಕೋಗಿ ನಿಂತ್ಕೊ. ಮದ್ವೆ ಫೋಟೋದಾಗೆ ಮುಂದ್ಗಡೆ ಬ್ಯಾಡ.”

ಗಂಡನಿಲ್ಲದವಳು ಮುಂದೆ ನಿಲ್ಲಬಾರದಲ್ಲ! ಅಮ್ಮ ಎಲ್ಲರ ಹಿಂದೆ, ಪುಟ್ಟ ಬಲ್ಬುಗಳ ಸೀರಿಯಲ್ ಸೆಟ್ ಇಳಿಬಿಟ್ಟಿದ್ದ ಗೋಡೆಯ ಹತ್ತಿರ ಹೋಗಿ ನಿಂತಳು.

ಫೋಟೋ ಬಂತು. ಬೆಳಕು ಹೆಚ್ಚಾಗಿ ಮುಂದಿನವರೆಲ್ಲ ಇರುವುದಕ್ಕಿಂತ ಬೆಳ್ಳಗಾಗಿದ್ದರು. ಬೀಗರಿಗೆ ಖುಷಿಯೋ ಖುಷಿ. ಹಿಂದೆ ನಿಂತ ಅಮ್ಮನಿಗೆ ಮಾತ್ರ ಮುಖವೇ ಇರಲಿಲ್ಲ, ಬರೀ ಮಂಜು. ಕೇಳಿದರೆ ಮಾವ, “ನಿಮ್ಮವ್ವ ಅಳ್ಳಾಡ್ಬುಟ್ಲು ಕಣ್ಲಾ, ನಾನೇನ್ ಮಾಡ್ಲಿ” ಎಂದರು. ಸ್ವಲ್ಪ ದಿನಕ್ಕೇ ಹೊಸ ಲೆನ್ಸ್ ತಂದರು. ಯಾಕೆಂದು ಯಾರೂ ಕೇಳಲಿಲ್ಲ.

ಅಮ್ಮ ತಮ್ಮನ ಮಾತನ್ನು ನಂಬಿದಳು. ಯಾರಾದರೂ ಆಲ್ಬಮ್ ತೆಗೆದರೆ ತಾನೇ ಮೊದಲು ಹೇಳಿಕೊಳ್ಳುತ್ತಿದ್ದಳು: “ನೆಟ್ಟಗ್ ನಿಂತ್ಕಳಾಕೂ ಬರ್ನಿಲ್ಲ ಕಣಪ್ಪ ನಂಗೆ.” ಆಮೇಲೆ ಯಾರ ಕ್ಯಾಮೆರಾ ಮುಂದೆಯೂ ನಿಲ್ಲಲಿಲ್ಲ. ಸತ್ತಾಗ ಗೋಡೆಗೆ ಹಾಕಲು ನಮ್ಮಲ್ಲಿ ಅವಳದೊಂದು ಮುಖವಿರಲಿಲ್ಲ.

ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಸಳು ತೆರೆದು ಮುಚ್ಚುವ ಬಳೆ ತಿರುಗಿಸಿದೆ. ಎಣ್ಣೆ ಮಿರುಗುವ ಎಸಳುಗಳು ಒಂದಿಷ್ಟೂ ಕದಲಲಿಲ್ಲ. ಒಳಗೆ ಹೋಗಿ ಆಲ್ಬಮ್ ತೆಗೆದೆ. ಇಷ್ಟು ವರ್ಷ ಅಮ್ಮನನ್ನು ಹುಡುಕುವ ಭರದಲ್ಲಿ ನಾನು ಬಲ್ಬುಗಳನ್ನು ನೋಡಿರಲೇ ಇಲ್ಲ. ಅವಳ ತಲೆಯ ಸುತ್ತ ಅವೆಲ್ಲ ದುಂಡಗಿವೆ, ಒಂದಕ್ಕೂ ಮೂಲೆಯಿಲ್ಲ. ಆವತ್ತು ಎಸಳುಗಳು ಮುಚ್ಚಿಕೊಂಡೇ ಇರಲಿಲ್ಲ. ಆರು ಮೂಲೆಯಿಂದಲೇ ಹೆಸರು ಮಾಡಿದ ಮಾವನಿಗೆ ಅದು ಕಾಣಲಿಲ್ಲವೆಂದರೆ ನಾನು ನಂಬುವುದಿಲ್ಲ. ಜಗಳವಾಡೋಣವೆಂದರೆ ಅವರಿಲ್ಲ, ಹೇಳೋಣವೆಂದರೆ ಅಮ್ಮನಿಲ್ಲ.

ಹಿಂದಕ್ಕೆ ಹೋಗು ಎಂದ ಜಾಗದಲ್ಲಿ ಅವಳು ನೆಟ್ಟಗೇ ನಿಂತಿದ್ದಳು.